ನೋಡೋಣ ಸಾಹೇಬರು

"ಕೈ ಮುಂದೆ ಚಾಚಿ. ಹೂಂ... ಈಗ ನಡುಗಿಸಿ."

ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದವನಿಗೆ ಸಿಕ್ಕ ಸ್ವಾಗತ ಇದು. ಬನ್ನಿ ಎಂದಿಲ್ಲ, ಕೂತ್ಕೊಳ್ಳಿ ಎಂದಿಲ್ಲ. ದಪ್ಪ ಹಿಡಿಯ ಒಂದು ಚಮಚ, ಅಂಚಿನವರೆಗೆ ನೀರು ತುಂಬಿಕೊಂಡು, ಅವನ ಕೈಗೆ ಬಂದು ಕೂತಿತ್ತು. ಎದುರಿಗೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನಡುಗಿಸೋದು ಅಂದ್ರೆ?"

"ನಡುಗಿಸೋದು ಅಂದ್ರೆ ನಡುಗಿಸೋದು. ಚಳಿ ಹತ್ತಿದ್ರೆ ಹೇಗೆ ನಡುಗುತ್ತೆ, ಹಾಗೆ."

ಅವನು ತನ್ನ ಕೈಲಾದಷ್ಟು ನಡುಗಿಸಿದ.

"ಅದು ನಡುಕ ಅಲ್ಲ, ಬಸ್ಸಿಗೆ ಕೈ ತೋರಿಸೋದು. ಹೀಗೆ ನೋಡಿ..." ಎಂದವಳೇ ಅವನ ಮಣಿಕಟ್ಟು ಹಿಡಿದು ಮೇಲೆ ಕೆಳಗೆ ಸರಸರನೆ ಅಲ್ಲಾಡಿಸಿದಳು. ಕೈ ಅಲ್ಲಾಡಿತು, ಚಮಚದ ಹಿಡಿ ಅಲ್ಲಾಡಿತು. ಒಳಗಿನ ನೀರು ಮಾತ್ರ ತನಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂಬಂತೆ ಸುಮ್ಮನೆ ನಿಂತಿತ್ತು.

ಇಬ್ಬರೂ ಒಂದೇ ಸಲ ಆ ನೀರನ್ನು ನೋಡಿದರು. ಆಮೇಲೆ ಒಂದೇ ಸಲ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು.

ಅಯ್ಯೋ, ಯಾರದೋ ಕೈ ಹಿಡ್ಕೊಂಡು ನಿಂತಿದೀನಲ್ಲ...

"ಗೋಡೆ ಗಡಿಯಾರ ಬಿಟ್ಟು ಹೋಗಿದ್ದವರು ನೀವೇ ಅಲ್ವಾ?" ಎಂದಳು, ಕೈ ಬಿಡುವುದನ್ನು ಮರೆತು.

"ಅಲ್ಲ. ನಾನು ನಿಧಿ ಕಚೇರಿಯಿಂದ ಬಂದಿದೀನಿ. ನಿಮ್ಮ ಅರ್ಜಿ ಪರಿಶೀಲನೆಗೆ."

ಕೆಂಡ ಮುಟ್ಟಿದವಳಂತೆ ಅವಳು ಕೈ ಬಿಟ್ಟಳು. ಚಮಚ ಜಾರಿತು. ನೀರೆಲ್ಲ ಅವನ ಅಂಗಿಯ ಪಾಲಾಯಿತು.

ಅವನು ಒದ್ದೆ ಜೇಬನ್ನು ಒಮ್ಮೆ ನೋಡಿಕೊಂಡ. "ಇದರಲ್ಲಿ ಚಮಚದ ತಪ್ಪೇನೂ ಇಲ್ಲ," ಎಂದ.

ಆ ಹುಡುಗಿಗೆ ಮನೆಯಲ್ಲೂ ಬೀದಿಯಲ್ಲೂ ಸೂಜಿ ಎಂದೇ ಹೆಸರು. ಮೈಯೂ ಸಣ್ಣ, ಮಾತೂ ಮೊನಚು. ಹಾಗಾಗಿ ಅತ್ತೆ, ಅಂದರೆ ಅಪ್ಪನ ಅಕ್ಕ, ಇಟ್ಟ ಅಡ್ಡಹೆಸರು. ಅಪ್ಪ ಗಡಿಯಾರ ರಿಪೇರಿಯವರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದ ಅವರ ಕೈಗೆ ಈಚೆಗೆ ನಡುಕ ಹತ್ತಿತ್ತು. ಮೊದಲು ಚಿಮಟ ಹೋಯಿತು, ಆಮೇಲೆ ಪೆನ್ನು, ಕೊನೆಗೆ ಊಟದ ಚಮಚ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಜನ ಗಾದೆ ಹೇಳುತ್ತಾರೆ. ಆ ಮನೆಯಲ್ಲಿ ಅದು ಗಾದೆಯಲ್ಲ, ದಿನಾ ಮಧ್ಯಾಹ್ನ ಕಣ್ಣೆದುರಿಗೆ ನಡೆಯುತ್ತಿತ್ತು. ಮಗಳು ತಿನ್ನಿಸಲು ಹೋದರೆ ಅಪ್ಪ ಹಸಿವಿಲ್ಲ ಎಂದು ಎದ್ದುಬಿಡುತ್ತಿದ್ದರು.

ಆಗ ಸೂಜಿ ಅಂಗಡಿಯ ಹಿಂದಿನ ಕೋಣೆ ಸೇರಿಕೊಂಡಳು. ಹಾಳಾದ ಗಡಿಯಾರಗಳ ಸ್ಪ್ರಿಂಗು, ಹಿತ್ತಾಳೆಯ ಒಂದು ಗುಂಡು, ಎರಡು ಸಣ್ಣ ಕೀಲು. ಕೈ ಮೇಲೆ ಹೋದರೆ ಗುಂಡು ಕೆಳಗೆ ಹೋಗಬೇಕು, ಚಮಚದ ಬಾಯಿ ಇದ್ದಲ್ಲೇ ಇರಬೇಕು. ಎಷ್ಟೋ ಸಲ ಕೆಟ್ಟು, ಎಷ್ಟೋ ಸಲ ಬಿಚ್ಚಿ, ಕೊನೆಗೊಂದು ದಿನ ಅಪ್ಪ ಮೇಜಿನ ಮುಂದೆ ಕೂತು ಒಂದು ಬಟ್ಟಲು ಹಾಲನ್ನು ತಾವೇ ಕುಡಿದು ಮುಗಿಸಿದರು. ಅವತ್ತು ಅತ್ತೆ ಒಲೆಯ ಕಡೆ ತಿರುಗಿ ನಿಂತು ತುಂಬ ಹೊತ್ತು ಮೂಗು ಒರೆಸಿಕೊಂಡರು.

ಹೊಸ ಉಪಾಯ ಕಂಡುಹಿಡಿಯುವ ಸಣ್ಣ ಉದ್ಯಮಗಳಿಗೆಂದೇ ಸರ್ಕಾರದ ಒಂದು ನಿಧಿ ಇತ್ತು. ಅದು ಸಿಕ್ಕರೆ ಚಮಚಕ್ಕೆ ಉಕ್ಕಿನ ಅಚ್ಚು ಮಾಡಿಸಬಹುದು. ಅಚ್ಚಾದರೆ ಒಂದೊಂದನ್ನೇ ಕೈಯಲ್ಲಿ ಉಜ್ಜುವ ಕಷ್ಟ ತಪ್ಪಿ, ಅಪ್ಪನಂಥ ಎಷ್ಟೋ ಜನ ತಮ್ಮ ಊಟ ತಾವೇ ಉಣ್ಣಬಹುದು. ಸಿಗದಿದ್ದರೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಅತ್ತೆ ನೋಡಿಟ್ಟಿರುವ ಬಟ್ಟೆ ಮಳಿಗೆಯ ಕೆಲಸಕ್ಕೆ ಸೇರುವುದು. ಹಾಗಂತ ಸೂಜಿ ಅತ್ತೆಗೆ ಮಾತು ಕೊಟ್ಟಿದ್ದಳು. ಅಂಥ ನಿಧಿಯ ಪರಿಶೀಲಕನನ್ನೇ ಅವಳು ನೀರಿನಲ್ಲಿ ತೋಯಿಸಿದ್ದು.

ಅಂಗಿ ಆರುವ ಮೊದಲೇ ಅವನು ಕೆಲಸಕ್ಕೆ ಕೂತ. ಅಪ್ಪ ಮೇಜಿನ ಮುಂದೆ ಕೂತು ಹಾಲು ಕುಡಿದು ತೋರಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ. ಸೂಜಿ ಚಮಚವನ್ನೇ ನೋಡುತ್ತಿದ್ದಳು. ಅವನು ಬೇರೆ ಏನನ್ನೋ ನೋಡುತ್ತಿದ್ದ.

"ಈ ಮೇಜು ಸ್ವಲ್ಪ ಆ ಕಡೆ ಸರಿಸೋಣ್ವಾ?" ಎಂದು ಕೇಳಿದ.

ಅಪ್ಪನ ಕೈ ಅಲ್ಲೇ ನಿಂತಿತು. ಅವರು ತಲೆಯೆತ್ತಿ ಅವನನ್ನು ನೋಡಿದರು. ಬೇಡಪ್ಪಾ ಎನ್ನುವ ನೋಟ ಅದು. ಸೂಜಿಗೆ ಅದು ಕಾಣಲಿಲ್ಲ. ಅವಳ ಕಣ್ಣು ಇನ್ನೂ ಚಮಚದ ಮೇಲೇ ಇತ್ತು.

"ಇರಲಿ ಬಿಡಿ," ಎಂದ ಅವನು ನಿಧಾನವಾಗಿ.

"ಏನನ್ನಿಸ್ತು ಸರ್? ನಿಧಿ ಸಿಗುತ್ತಾ?"

ಅವನು ಚಮಚವನ್ನು ನೋಡಿದ, ಅಪ್ಪನನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ.

"ನೋಡೋಣ."

ಅಷ್ಟು ಹೇಳಿ ಹೊರಟುಹೋದ.

"ಮುಗೀತು ಬಿಡು," ಎಂದರು ಅತ್ತೆ ಒಳಗಿನಿಂದ ಕೈ ಒರೆಸಿಕೊಂಡು ಬಂದು. "ನೋಡೋಣ ಅಂದ ಮೇಲೆ ಇನ್ನೇನಿದೆ? ನಲ್ಲಿ ಸೋರ್ತಿದೆ ಅಂದ್ರೆ ಮನೆ ಓನರ್ರು ನೋಡೋಣ ಅಂತಾರೆ. ಹೋದ ವರ್ಷ ನಿನ್ನ ಸಂಬಂಧ ಕೇಳ್ಕೊಂಡು ಬಂದಿದ್ರಲ್ಲ, ಅವರೂ ಹೋಗುವಾಗ ನೋಡೋಣ ಅಂತಾನೇ ಅಂದಿದ್ದು. ಇವತ್ತಿನವರೆಗೂ ನೋಡ್ತಾನೇ ಇದಾರೆ."

"ಅತ್ತೆ, ಸುಮ್ನಿರಿ."

"ನಾನು ಸುಮ್ನಿದ್ರೆ ಅಡ್ಡಗೋಡೆ ಮೇಲೆ ಇಟ್ಟ ದೀಪ ಕೆಳಗಿಳಿಯುತ್ತಾ? ಪಾಪ, ಹುಡುಗ ನೋಡೋಕೆ ಚೆನ್ನಾಗಿದ್ದ. ನೋಡೋಣ ಸಾಹೇಬ್ರು."

ಆ ಹೆಸರು ಅವನಿಗೆ ಅಂಟಿಕೊಂಡಿತು. ಸೂಜಿ ಅದನ್ನು ಕೇಳಿ ನಗಲಿಲ್ಲ. ಆದರೆ ಅಂದು ಸಂಜೆ ಕೋಣೆ ಗುಡಿಸುವಾಗ, ತನ್ನ ಬೆರಳುಗಳು ಹಿಡಿದಿದ್ದ ಆ ಮಣಿಕಟ್ಟಿನ ಬಿಸಿ ನೆನಪಾಗಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಮುಂದಿನ ವಾರ ನೋಡೋಣ ಸಾಹೇಬರು ಮತ್ತೆ ಬಂದರು! ಕಚೇರಿಯ ಚೀಲ ಇರಲಿಲ್ಲ. ಕೈಯಲ್ಲೊಂದು ಹಳೆಯ ಕೈಗಡಿಯಾರ ಇತ್ತು.

"ನಿಂತುಹೋಗಿದೆ," ಎಂದು ಅಪ್ಪನ ಮುಂದೆ ಇಟ್ಟ.

ಅಪ್ಪ ನಡುಗುವ ಬೆರಳಲ್ಲೇ ಕೀಲಿ ತಿರುಗಿಸಿದರು. ಗಡಿಯಾರ ಟಿಕ್ ಟಿಕ್ ಎಂದು ಓಡತೊಡಗಿತು.

"ಇದಕ್ಕೇನೂ ಆಗಿಲ್ವಲ್ಲ. ಕೀಲಿ ಕೊಟ್ಟಿಲ್ಲ, ಅಷ್ಟೆ."

"ಇನ್ನೊಂದ್ಸಲ ನೋಡಿ. ಒಳಗೆ ಏನಾದ್ರೂ ಇರಬಹುದು."

ಅಪ್ಪ ಕಣ್ಣಿನ ಭೂತಗನ್ನಡಿ ತೆಗೆದು ಅವನ ಮುಖ ನೋಡಿದರು. ಆಮೇಲೆ ಚಹಾ ಲೋಟ ಹಿಡಿದು ಬಂದ ಮಗಳ ಮುಖ ನೋಡಿದರು.

"ಇರಬಹುದು, ಇರಬಹುದು. ಬಿಟ್ಟು ಹೋಗಿ. ಒಳಗಿನ ಕಾಯಿಲೆಗೆ ಸ್ವಲ್ಪ ಟೈಮ್ ಬೇಕಾಗುತ್ತೆ."

ಒಳಗಡೆ ಅತ್ತೆ ಪಾತ್ರೆ ಬೀಳಿಸಿದ ಸದ್ದಾಯಿತು. ಅತ್ತೆ ನಗು ತಡೆಯಲಾಗದಿದ್ದಾಗ ಪಾತ್ರೆ ಬೀಳಿಸುತ್ತಾರೆ ಎನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಸೂಜಿ ಲೋಟವನ್ನು ಅವನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು. "ಸಿಗಲ್ಲ ಅಂತ ನೇರವಾಗಿ ಹೇಳಬಹುದಿತ್ತು ಸರ್."

"ಏನು ಸಿಗಲ್ಲ?"

"ನಿಧಿ. ಅವತ್ತು ನೋಡೋಣ ಅಂದ್ರಲ್ಲ."

ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನೋಡೋಣ ಅಂದ್ರೆ ನೋಡೋಣ ಅಂತ. ನಾನೊಬ್ಬನೇ ನೋಡೋದಾಗಿದ್ರೆ ನೋಡ್ತೀನಿ ಅಂತಿದ್ದೆ. ನೀವೊಬ್ರೇ ನೋಡೋದಾಗಿದ್ರೆ ನೋಡಿ ಅಂತಿದ್ದೆ. ನೋಡೋಣ ಅಂದ್ರೆ ಇಬ್ರೂ ಸೇರಿ ನೋಡೋದು. ವ್ಯಾಕರಣ ಅಷ್ಟೇ ತಾನೇ?"

"ಕಚೇರಿಗಳಲ್ಲಿ ವ್ಯಾಕರಣ ಬೇರೆ ಇದೆ."

"ಅದು ನಂಗೆ ಚೆನ್ನಾಗಿ ಗೊತ್ತು," ಎಂದು ಅವನು ನಕ್ಕ. "ನಮ್ಮಣ್ಣ ಒಂದು ಮಡಚೋ ಏಣಿ ಮಾಡಿದ್ದ. ಕಚೇರಿಗಳ ಕಿಟಕಿಯಿಂದ ಕಿಟಕಿಗೆ ಅಲೆದ. ಎಲ್ಲರೂ ನೋಡೋಣ ಅಂದ್ರು, ಯಾರೂ ಅದನ್ನ ಬಿಡಿಸಿ ಸಹ ನೋಡ್ಲಿಲ್ಲ. ಈಗ ಅದರ ಮೇಲೆ ಬಟ್ಟೆ ಒಣಗಿಸ್ತೀವಿ. ಅದಕ್ಕೇ ನಾನು ಈ ಕೆಲಸಕ್ಕೆ ಸೇರಿದ್ದು. ನೋಡೋಣ ಅಂದ್ರೆ ನಾನು ನೋಡ್ತೀನಿ."

ಜೋರಾಗಿ ಇಟ್ಟಿದ್ದ ಲೋಟವನ್ನು ಸೂಜಿ ಮೆಲ್ಲಗೆ ಅವನ ಹತ್ತಿರಕ್ಕೆ ಸರಿಸಿದಳು.

ಆಮೇಲೆ ಅವನು ಬಿಡುವಿದ್ದಾಗಲೆಲ್ಲ ಬರತೊಡಗಿದ. ಬಂದವನೇ "ಗಡಿಯಾರ ರೆಡಿ ಆಯ್ತಾ?" ಎನ್ನುವುದು, ಅಪ್ಪ ಗಂಭೀರವಾಗಿ "ಇನ್ನೂ ಸ್ವಲ್ಪ ಇದೆ" ಎನ್ನುವುದು, ಅವನು ಬೇಜಾರಾದಂತೆ ನಟಿಸಿ ಹಿಂದಿನ ಕೋಣೆಗೆ ಹೋಗಿ ಕೂರುವುದು ರೂಢಿಯಾಯಿತು. ಸೂಜಿ ಹಿಡಿಯ ಸ್ಕ್ರೂ ಬಿಚ್ಚಿ ಅವನ ಅಂಗೈಗೆ ಹಾಕುತ್ತಿದ್ದಳು. ಅವನು ಅವನ್ನು ಬೀಳದಂತೆ ಕಾಯುತ್ತಿದ್ದ. ಒಮ್ಮೊಮ್ಮೆ ಒಂದೇ ಕೀಲಿನ ಮೇಲೆ ಇಬ್ಬರ ತಲೆಯೂ ಬಾಗಿ, ಯಾರ ಉಸಿರು ಯಾರದೆಂದು ಗೊತ್ತಾಗದೆ, ಇಬ್ಬರೂ ಸ್ವಲ್ಪ ಹಿಂದೆ ಸರಿಯುತ್ತಿದ್ದರು.

"ಮೇಜು ಇಲ್ಲದ ಕಡೆ ಊಟ ಮಾಡೋರು ಏನು ಮಾಡ್ತಾರೆ?" ಎಂದು ಅವನು ಆಗಾಗ ಕೇಳುತ್ತಿದ್ದ.

"ಹೀಗೇ ಮಾಡ್ತಾರೆ, ಇನ್ನೇನು?" ಎಂದು ಅವಳು ತೇಲಿಸಿಬಿಡುತ್ತಿದ್ದಳು. ಅವನೂ ಸುಮ್ಮನಾಗುತ್ತಿದ್ದ.

ಇವರು ಬರದೇ ಇದ್ದ ದಿನ ಅಂಗಡಿ ಇಷ್ಟು ದೊಡ್ಡದಾಗಿ ಯಾಕೆ ಕಾಣುತ್ತೆ... ಎಂದು ಅವಳು ತನ್ನನ್ನೇ ಕೇಳಿಕೊಂಡ ದಿನ, ಹಾಲಿಗೆ ಸಕ್ಕರೆಯ ಬದಲು ಉಪ್ಪು ಹಾಕಿದಳು. ಅಪ್ಪ ಮಾತಾಡದೆ ಕುಡಿದರು. ಆ ಅಪ್ಪನಿಗೆ ಮಾತಾಡದೆ ಕುಡಿಯುವ ಅಭ್ಯಾಸ ಸ್ವಲ್ಪ ಜಾಸ್ತಿಯೇ ಇತ್ತು.

ನಿಧಿಯ ಸಭೆ ಹತ್ತಿರ ಬಂತು. ಅಲ್ಲಿ ಅವನು ತನ್ನ ಅಭಿಪ್ರಾಯ ಹೇಳಬೇಕು, ಅದರ ಮೇಲೆ ತೀರ್ಮಾನ. ಸೂಜಿ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ ಕೇಳಿದಳು.

"ಸರ್, ಇವತ್ತು ನೋಡೋಣ ಅನ್ನಬೇಡಿ. ಚಮಚ ಪಾಸಾ, ಫೇಲಾ?"

ಅವನು ಅಂಗೈಯಲ್ಲಿದ್ದ ಸ್ಕ್ರೂಗಳನ್ನು ತಟ್ಟೆಗೆ ಹಾಕಿದ.

"ಅಪ್ಪ ಹಾಲು ಕುಡಿಯುವಾಗ ಚಮಚ ನೋಡಬೇಡಿ," ಎಂದ. "ಅವರ ಮೊಣಕೈ ನೋಡಿ."

"ಮೊಣಕೈಗೇನಾಗಿದೆ?"

"ಮೇಜಿನ ಅಂಚಿಗೆ ಒತ್ತಿ ಹಿಡೀತಾರೆ. ಬಲವಾಗಿ. ಅರ್ಧ ನಡುಕ ಅಲ್ಲೇ ನಿಂತುಹೋಗುತ್ತೆ. ಉಳಿದ ಅರ್ಧ ಮಾತ್ರ ನಿಮ್ಮ ಚಮಚ ತಡೀತಿದೆ."

ಸೂಜಿ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು. "ಅಂದ್ರೆ... ನಮ್ಮಪ್ಪ ನಾಟಕ ಮಾಡ್ತಿದಾರೆ ಅಂತೀರಾ?"

"ನಾಟಕ ಅಂತಲ್ಲ..."

"ನಿಮಗೆ ಇದು ಯಾವಾಗ ಗೊತ್ತಾಯ್ತು?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೊದಲನೇ ದಿನ."

"ಮೊದಲನೇ ದಿನ..." ಅವಳ ದನಿ ಏರಲಿಲ್ಲ, ಇಳಿಯಿತು. "ಇಷ್ಟು ದಿನ ಇಲ್ಲಿ ಕೂತು ಚಹಾ ಕುಡಿದ್ರಿ. ನಾನು ಖುಷಿಯಿಂದ ಅದೂ ಇದೂ ತೋರಿಸ್ತಿದ್ದೆ. ನೀವು ಒಳಗೊಳಗೇ ಅಯ್ಯೋ ಪಾಪ ಅಂದ್ಕೊಳ್ತಿದ್ರಿ."

"ಹಾಗಲ್ಲ. ನಿಮ್ಮ ತಂದೆ ಕಣ್ಣಲ್ಲೇ ಬೇಡ ಅಂದ್ರು. ಅವರ ಮುಂದೆ ಅದನ್ನ ಹೇಗೆ..."

"ಅವರ ಮುಂದೆ ಬೇಡ. ನನಗೆ ಹೇಳಬಹುದಿತ್ತಲ್ಲ. ಇಬ್ರೂ ಸೇರಿ ನೋಡೋದು ಅಂದ್ರಿ. ನೀವೊಬ್ರೇ ನೋಡಿದ್ರಿ."

ಅವನು ಸ್ಕ್ರೂಗಳ ತಟ್ಟೆಯನ್ನು ಅವಳ ಕಡೆ ಸರಿಸಿದ. ಎದ್ದು ನಿಂತ. "ಬರ್ತೀನಿ," ಎಂದ.

"ಬರಬೇಡಿ ಸರ್."

ಅವನು ಹೋದ. ಗಡಿಯಾರವನ್ನು ಕೇಳಲಿಲ್ಲ. ಅದು ಅಪ್ಪನ ಮೇಜಿನ ಮೇಲೆ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಮರುದಿನ ಮಧ್ಯಾಹ್ನ ಸೂಜಿ ಮೇಜನ್ನು ಗೋಡೆಯ ಕಡೆ ಸರಿಸಿ, ಖಾಲಿ ನೆಲದ ಮಧ್ಯೆ ಒಂದು ಕುರ್ಚಿ ಹಾಕಿದಳು.

"ಅಪ್ಪಾ, ಇವತ್ತು ಇಲ್ಲಿ ಕೂತ್ಕೊಳ್ಳಿ."

ಅಪ್ಪ ಕುರ್ಚಿಯನ್ನು ನೋಡಿದರು, ದೂರ ಹೋದ ಮೇಜನ್ನು ನೋಡಿದರು. ಬಂದು ಕೂತರು. ಮೊದಲನೇ ಚಮಚ ಗಲ್ಲಕ್ಕೆ ಹೋಯಿತು. ಎರಡನೆಯದು ಅಂಗಿಗೆ. ಮೂರನೆಯದನ್ನು ಅವರು ಎತ್ತಲೇ ಇಲ್ಲ.

ಸೂಜಿ ನೆಲಕ್ಕೆ ಕುಳಿತು ಅವರ ಮಂಡಿಯ ಮೇಲೆ ತಲೆಯಿಟ್ಟಳು. "ಯಾಕಪ್ಪಾ ಹೇಳ್ಲಿಲ್ಲ?"

"ಮೊದಲ ಸಲ ಹಾಲು ಕುಡಿದಾಗ ನಿನ್ನ ಮುಖ ಹೇಗಿತ್ತು ಗೊತ್ತಾ? ನಿಮ್ಮಮ್ಮ ಹೋದ ಮೇಲೆ ಆ ಮುಖ ನಾನು ನೋಡೇ ಇರ್ಲಿಲ್ಲ." ಅಪ್ಪ ನಡುಗುವ ಕೈಯಿಂದ ಅವಳ ತಲೆ ಸವರಿದರು. "ಮೊಣಕೈ ಸ್ವಲ್ಪ ನೋಯ್ತಿತ್ತು, ಅಷ್ಟೆ. ಅದೇನು ಮಹಾ."

ಅವಳು ಅವರ ತೋಳು ಮಡಿಸಿ ನೋಡಿದಳು. ಮೊಣಕೈಯ ಕೆಳಗೆ, ಮೇಜಿನ ಅಂಚು ಒತ್ತಿ ಒತ್ತಿ, ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ಇದನ್ನು ಆ ಸರ್ ಮೊದಲ ದಿನವೇ ಕಂಡಿದ್ದರು, ನಾನು ಕಾಣಲಿಲ್ಲ... ಸೂಜಿಗೆ ಅಳು ಬಂತು. ಅತ್ತಳು. ಅಪ್ಪನೂ ಸ್ವಲ್ಪ ಅತ್ತರು. ಅತ್ತೆ ಬಂದು ಇಬ್ಬರನ್ನೂ ನೋಡಿ, ಬೈಯಲು ಬಾಯಿ ತೆರೆದು, ಬೈಯದೆ ಒದ್ದೆ ಬಟ್ಟೆ ತಂದು ಅಪ್ಪನ ಅಂಗಿ ಒರೆಸಿದರು.

"ಅಪ್ಪಾ," ಎಂದಳು ಸೂಜಿ ಕಣ್ಣೊರೆಸಿಕೊಂಡು, "ಈಗ ಕೈ ಸುಮ್ನೆ ಹಾಗೇ ಬಿಡಿ. ತಡೀಬೇಡಿ. ನೋಡೋಣ."

ಆ ಮಾತು ಬಾಯಿಂದ ಬಂದದ್ದು ಅವಳಿಗೇ ಆಮೇಲೆ ಕೇಳಿಸಿತು.

ತಡೆಯದೆ ಬಿಟ್ಟ ಕೈಯನ್ನು ಅವಳು ಗಮನವಿಟ್ಟು ನೋಡಿದ್ದು ಅವತ್ತೇ ಮೊದಲು. ಅದು ಬರೀ ಮೇಲೆ ಕೆಳಗೆ ನಡುಗುತ್ತಿರಲಿಲ್ಲ, ಬೀಗದ ಕೈ ತಿರುಗಿಸುವವರಂತೆ ಪಕ್ಕಕ್ಕೂ ಹೊರಳುತ್ತಿತ್ತು. ಅಪ್ಪ ಮಗಳ ಮೇಲಿನ ಪ್ರೀತಿಗೆ ಆ ಹೊರಳಾಟವನ್ನು ಮೇಜಿನ ಅಂಚಿಗೆ ಒತ್ತಿಟ್ಟಿದ್ದರು. ಮಗಳು ಪಾಪ, ಇಲ್ಲದ ಕೈಗೆ ಚಮಚ ಮಾಡಿದ್ದಳು.

"ಹಡಗಿನ ಗಡಿಯಾರ ಗೊತ್ತೇನೇ ನಿಂಗೆ?" ಎಂದರು ಅಪ್ಪ ಇದ್ದಕ್ಕಿದ್ದಂತೆ. "ಚಿಕ್ಕವನಿದ್ದಾಗ ಒಂದು ರಿಪೇರಿ ಮಾಡಿದ್ದೆ. ಬಳೆಯೊಳಗೆ ಬಳೆ ಕೂರಿಸಿರ್ತಾರೆ. ಹಡಗು ಹೇಗಾದ್ರೂ ಹೊರಳಲಿ, ಗಡಿಯಾರ ಮಾತ್ರ ಮಟ್ಟಸವಾಗಿ ಮಲಗಿರುತ್ತೆ."

ಸೂಜಿ ಎದ್ದು ಹಿಂದಿನ ಕೋಣೆಗೆ ಓಡಿದಳು. ಬಳೆಯೊಳಗೆ ಬಳೆ! ಅಪ್ಪ ಪಕ್ಕದಲ್ಲೇ ಕೂತು ಹೇಳುತ್ತ ಹೋದರು, ಅವಳು ಮಾಡುತ್ತ ಹೋದಳು. ಅಪ್ಪನ ಕೈ ಚೆಲ್ಲಿದಾಗಲೆಲ್ಲ ಇಬ್ಬರೂ ನಾಚಿಕೆಯಿಲ್ಲದೆ ನೋಡಿದರು, ಯಾಕೆ ಚೆಲ್ಲಿತು ಎಂದು ಮಾತಾಡಿದರು. ಆ ಮನೆಯಲ್ಲಿ ಅಷ್ಟು ಸಲೀಸಾಗಿ ಹಾಲು ಚೆಲ್ಲಿದ ದಿನಗಳು ಹಿಂದೆ ಇರಲಿಲ್ಲ.

ಕೆಲಸ ಕೂಡಿಬರುತ್ತಿದ್ದಂತೆ ಅವನಿಗೆ ಹೇಳಬೇಕು ಎನ್ನಿಸಿತು ಅವಳಿಗೆ. ನೀವು ಹೇಳಿದ್ದು ಸರಿ, ನಾನು ಒರಟಾಗಿ ಮಾತಾಡಿದೆ ಅಂತ. ಫೋನ್ ಕೈಗೆತ್ತಿಕೊಂಡಾಗಲೇ ನಿಧಿ ಕಚೇರಿಯಿಂದ ಕರೆ ಬಂತು. ಯಾರೋ ಗುಮಾಸ್ತೆ.

"ನಿಮ್ಮ ಅರ್ಜಿಯ ಪರಿಶೀಲಕರು ಬದಲಾಗಿದಾರೆ. ಸಭೆಗೆ ಬರುವಾಗ ಹೊಸ ಮೇಡಂ ಇರ್ತಾರೆ."

"ಯಾಕೆ? ಹಳೆಯವರಿಗೆ ಏನಾಯ್ತು?"

"ಅವರೇ ಬೇಡ ಅಂದ್ರಂತೆ."

ಸೂಜಿ ಫೋನ್ ಕೆಳಗಿಟ್ಟಳು. ಅವರೇ ಬೇಡ ಅಂದ್ರು... ಬರಬೇಡಿ ಅಂದಿದ್ದಕ್ಕೆ ಬರದೇ ಇರೋದು ಸರಿ. ಆದ್ರೆ ನನ್ನ ಕೆಲಸದಿಂದಾನೇ ಕೈ ತೊಳ್ಕೊಂಡ್ರಲ್ಲ!

"ಕೋಪ ಬಂದಿರಬೇಕು," ಎಂದರು ಅತ್ತೆ ವಿಷಯ ಕೇಳಿ. ಎಂದಿನ ತಮಾಷೆ ಅವರ ದನಿಯಲ್ಲಿ ಇರಲಿಲ್ಲ. "ಗಂಡಸರ ಕೋಪ ಕಣೇ. ಗಡಿಯಾರ ಬಿಟ್ಟು ಹೋಗಿದಾನಲ್ಲ, ತಗೊಂಡ್ಹೋಗೋಕೆ ಬರ್ತಾನೆ."

ಅವನು ಬರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಅವನ ಗಡಿಯಾರಕ್ಕೆ ಕೀಲಿ ಕೊಟ್ಟು ಮತ್ತೆ ಮೇಜಿನ ಮೇಲಿಡುತ್ತಿದ್ದರು. ಸೂಜಿ ಅದರ ಕಡೆ ನೋಡದಂತೆ ಓಡಾಡುತ್ತಿದ್ದಳು. ನೋಡದೇ ಇರುವುದೂ ಒಂದು ಕೆಲಸವೇ, ಮಾಡಿದವರಿಗೆ ಗೊತ್ತು.

ಸಭೆಯ ದಿನ ಅಪ್ಪನೂ ಜೊತೆಗೆ ಹೊರಟರು. ಕಚೇರಿಯ ಮೂರನೇ ಮಹಡಿಯಲ್ಲಿ ಉದ್ದನೆಯ ಕೋಣೆ, ಗೋಡೆಗುಂಟ ಕುರ್ಚಿಗಳು. ಹೊಸ ಪರಿಶೀಲಕಿ ನರೆಗೂದಲಿನ ಹಿರಿಯ ಹೆಂಗಸು. ಅಕ್ಕಪಕ್ಕ ಸಮಿತಿಯವರು.

"ಯಜಮಾನ್ರಿಗೆ ಒಂದು ಮೇಜು ಹಾಕಿಸ್ಲಾ?" ಎಂದು ಕೇಳಿದರು ಆ ಹಿರಿಯಾಕೆ.

"ಬೇಡಮ್ಮಾ," ಎಂದರು ಅಪ್ಪ. "ಕುರ್ಚೀನೂ ಬೇಡ."

ಕೋಣೆಯ ನಟ್ಟನಡುವೆ ಅವರು ನಿಂತೇ ಬಿಟ್ಟರು. ಎಡಗೈಯಲ್ಲಿದ್ದ ಹಾಲಿನ ಬಟ್ಟಲನ್ನು ಸೂಜಿ ಹಿಡಿದುಕೊಂಡಳು. ಬಲಗೈ ಗಾಳಿಯಲ್ಲಿ, ಯಾವುದಕ್ಕೂ ತಾಗದೆ, ಎಲ್ಲರ ಕಣ್ಣೆದುರು ಮನಸಾರೆ ನಡುಗುತ್ತಿತ್ತು. ಅಪ್ಪ ಅದನ್ನು ಅಡಗಿಸಲಿಲ್ಲ. ಹಿಡಿ ಮೇಲೆ ಕೆಳಗೆ ಆಡಿತು, ಪಕ್ಕಕ್ಕೆ ಹೊರಳಿತು. ಬಳೆಯೊಳಗಿನ ಬಳೆಯಲ್ಲಿ ಚಮಚದ ಬಾಯಿ ಮಟ್ಟಸವಾಗಿ ಉಳಿಯಿತು. ಒಂದು ಚಮಚ ಬಾಯಿಗೆ ಹೋಯಿತು, ಇನ್ನೊಂದು ಹೋಯಿತು. ಬಟ್ಟಲು ಅರ್ಧವಾಗುವ ಹೊತ್ತಿಗೆ ಕೋಣೆಯಲ್ಲಿ ಯಾರೂ ಕಾಗದ ತಿರುವುತ್ತಿರಲಿಲ್ಲ.

"ಸಾಕಾ, ಇನ್ನೂ ಕುಡೀಲಾ?" ಎಂದು ಕೇಳಿದರು ಅಪ್ಪ. "ಹಾಲು ಚೆನ್ನಾಗಿದೆ."

ಎಲ್ಲರೂ ನಕ್ಕರು. ಸಮಿತಿಯವರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡು ಎದ್ದು ಹೋದರು. ಹಿರಿಯ ಪರಿಶೀಲಕಿ ಸೂಜಿಯ ಹತ್ತಿರ ಬಂದರು.

"ಅಚ್ಚು ಮಾಡಿಸಮ್ಮಾ. ನಿಧಿ ಸಿಕ್ಕಿದೆ. ಎಲ್ಲರೂ ಒಪ್ಪಿದಾರೆ."

ಸೂಜಿ ಅಪ್ಪನ ಕೈ ಹಿಡಿದುಕೊಂಡಳು. ಖುಷಿಯಾಯಿತು, ತುಂಬ ಖುಷಿಯಾಯಿತು. ಆದರೆ ಅದನ್ನು ಮೊದಲು ಹೇಳಬೇಕೆನ್ನಿಸಿದವನು ಅಲ್ಲಿರಲಿಲ್ಲ.

"ಮೇಡಂ... ಮೊದಲಿದ್ದ ಸರ್ ಯಾಕೆ ಬಿಟ್ಟುಹೋದ್ರು? ನನ್ನ ಮೇಲೆ ಕೋಪಾನಾ?"

ಹಿರಿಯಾಕೆ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನಿಂಗೆ ಹೇಳಿಲ್ವಾ ಅವನು? ಹೇಗೆ ಹೇಳ್ತಾನೆ, ತೀರ್ಮಾನ ಆಗೋವರೆಗೂ ನಿಮ್ಮ ಬೀದಿಗೂ ಹೋಗಬಾರದು ಅಂತ ನಾವೇ ಕಟ್ಟಪ್ಪಣೆ ಮಾಡಿದ್ವಿ. ನೋಡಮ್ಮಾ, ಸಭೆಗೆ ಮುಂಚೆ ಪ್ರತಿಯೊಬ್ಬ ಪರಿಶೀಲಕರನ್ನೂ ಒಂದು ಪ್ರಶ್ನೆ ಕೇಳ್ತೀವಿ. ಅರ್ಜಿ ಹಾಕಿದವರ ಜೊತೆ ನಿಮಗೆ ಏನಾದ್ರೂ ಸಂಬಂಧ ಇದೆಯಾ ಅಂತ. ಎಲ್ಲರೂ ಇಲ್ಲ ಅಂತಾರೆ, ಮುಂದೆ ಹೋಗ್ತೀವಿ."

"ಅವರು ಏನಂದ್ರು?"

"ಎದ್ದು ನಿಂತ್ಕೊಂಡು, 'ಇಲ್ಲ ಮೇಡಂ, ಆದ್ರೆ ಆಗಬೇಕು ಅಂತ ಆಸೆ ಇದೆ. ಅದಕ್ಕೆ ಈ ಅರ್ಜಿ ನಾನು ನೋಡಬಾರದು' ಅಂದ."

ಅಪ್ಪ ಕೆಮ್ಮಿದರು. ನಗು ಬಂದಾಗ ಅಕ್ಕ ಪಾತ್ರೆ ಬೀಳಿಸುತ್ತಾರೆ, ತಮ್ಮ ಕೆಮ್ಮುತ್ತಾರೆ.

"ಗಡಿಯಾರ ಬಿಟ್ಟು ಬಂದ ದಿನವೇ ಹೇಳಬೇಕಿತ್ತು ಅಂತ ನಾನು ಚೆನ್ನಾಗಿ ಬೈದೆ," ಎಂದರು ಹಿರಿಯಾಕೆ. "ಬೈಸ್ಕೊಂಡ. ಕೆಳಗಿನ ಮಹಡೀಲಿ ಇದಾನೆ. ಹೋಗು. ತೀರ್ಮಾನ ಆಯ್ತಲ್ಲ, ಈಗ ಯಾವ ನಿಯಮವೂ ಅಡ್ಡ ಬರಲ್ಲ."

ಅಪ್ಪ ಜೇಬಿನಿಂದ ಕೈಗಡಿಯಾರ ತೆಗೆದು ಮಗಳ ಅಂಗೈಗೆ ಹಾಕಿದರು. "ರೆಡಿ ಆಗಿದೆ ಅಂತ ಹೇಳು."

ಕೆಳಗಿನ ಮಹಡಿಯ ಮೂಲೆಯ ಕೋಣೆಯಲ್ಲಿ ಅವನು ಒಂದು ಸ್ಟೂಲಿನ ಮೇಲೆ ಕೂತಿದ್ದ. ಬಾಗಿಲಲ್ಲಿ ಸೂಜಿ ನಿಂತದ್ದನ್ನು ಕಂಡು ತಲೆಯೆತ್ತಿದ. ಅವನ ಕಣ್ಣೆರಡೂ ಕೆಂಪಾಗಿ, ನೀರು ಕೆನ್ನೆಯ ಮೇಲೆ ಹರಿಯುತ್ತಿತ್ತು.

ಸೂಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಳ್ತಿದೀರಾ?"

"ಇಲ್ಲ, ಇದು..." ಎಂದು ಅವನು ಮುಂದಿದ್ದ ಯಂತ್ರವನ್ನು ತೋರಿಸಿದ. "ಈರುಳ್ಳಿ ಸುಲಿಯೋ ಯಂತ್ರ. ಬೇರೆ ಅರ್ಜಿ. ಕಣ್ಣಲ್ಲಿ ನೀರು ಬರಲ್ಲ ಅಂತ ಬರೆದಿದಾರೆ."

"ನೀರೆಲ್ಲಾ ಈರುಳ್ಳೀದೇನಾ?"

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಎಲ್ಲಾ ಅಲ್ಲ."

ಅವಳು ಒಳಗೆ ಬಂದು ಗಡಿಯಾರವನ್ನು ಮೇಜಿನ ಮೇಲಿಟ್ಟಳು. "ರೆಡಿ ಆಗಿದೆ. ಅಪ್ಪ ಕೊಟ್ಟರು."

"ಏನಾಗಿತ್ತಂತೆ ಅದಕ್ಕೆ?"

"ಏನೂ ಆಗಿರ್ಲಿಲ್ಲ."

"ಗೊತ್ತು."

"ನನಗೂ ಗೊತ್ತಿತ್ತು." ಅವಳು ಸ್ವಲ್ಪ ತಡೆದು ಹೇಳಿದಳು, "ನಿಧಿ ಸಿಕ್ತು. ಅಪ್ಪ ನಿಂತ್ಕೊಂಡೇ ಹಾಲು ಕುಡಿದ್ರು. ಅವತ್ತು ನಾನು ಮಾತಾಡಿದ್ದು ತಪ್ಪು. ಮೊಣಕೈ ವಿಷಯ ನೀವು ಹೇಳದೇ ಇದ್ದಿದ್ರೆ ಇವತ್ತು ಮೇಲಿನ ಕೋಣೇಲಿ ಹಾಲು ಚೆಲ್ತಿತ್ತು, ನನ್ನ ಅಂಗಡಿ ಮುಚ್ತಿತ್ತು."

"ನಂದೂ ತಪ್ಪಿದೆ. ಮೊದಲನೇ ದಿನವೇ ಹೇಳಬೇಕಿತ್ತು. ಹೇಳಿದ್ರೆ ನೀವು ಆಮೇಲೆ ನನ್ನ ಮುಖ ನೋಡಲ್ಲ ಅಂತ ಭಯ ಆಯ್ತು. ಪರಿಶೀಲಕನಿಗೆ ಆ ಭಯ ಬಂತು ಅಂದ ಮೇಲೆ ಅವನು ಆ ಅರ್ಜಿ ನೋಡಬಾರದು. ಅದು ಅರ್ಥ ಆಗೋಕೆ ನಂಗೆ ತಡ ಆಯ್ತು."

ಮೇಜಿನ ಮೇಲೆ ಗಡಿಯಾರ ತನ್ನ ಪಾಡಿಗೆ ಓಡುತ್ತಿತ್ತು.

"ಮೇಡಂ ಎಲ್ಲಾ ಹೇಳಿದ್ರು," ಎಂದಳು ಸೂಜಿ ನೆಲ ನೋಡುತ್ತ. "ಸಂಬಂಧದ ಪ್ರಶ್ನೆ. ನೀವು ಕೊಟ್ಟ ಉತ್ತರ."

ಅವನ ಕಿವಿ ಕೆಂಪಾಯಿತು. ಅದಕ್ಕೆ ಈರುಳ್ಳಿಯನ್ನು ದೂರುವಂತಿರಲಿಲ್ಲ. "ಅವರಿಗೆ ಹೇಳಿದ್ದನ್ನ ಮೊದಲು ನಿಮಗೆ ಹೇಳಬೇಕಿತ್ತು. ಈಗ ಹೇಳ್ತೀನಿ. ನೀವು ಅಂದ್ರೆ ನನಗೆ ತುಂಬ ಇಷ್ಟ. ಚಮಚ ಕೈಗಿಟ್ಟು ನಡುಗಿಸಿ ಅಂದ್ರಲ್ಲ, ಅವತ್ತಿಂದ. ನಿಮ್ಮ ಉತ್ತರ ಏನಿದ್ರೂ ಪರವಾಗಿಲ್ಲ..."

ಸೂಜಿ ತಲೆಯೆತ್ತಿದಳು.

"ನೋಡೋಣ," ಎಂದಳು.

ಪಾಪ, ಅವನ ಮುಖ ಇಳಿದುಹೋಯಿತು. ವ್ಯಾಕರಣವೆಲ್ಲ ಮರೆತುಹೋಯಿತು. ತಲೆಯಾಡಿಸಿ, "ಸರಿ, ಅರ್ಥ ಆಯ್ತು," ಎಂದು ಗಡಿಯಾರಕ್ಕೆ ಕೈ ಚಾಚಿದ.

ಅವಳು ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲನ್ನು ಎಳೆದು ಅವನ ಪಕ್ಕಕ್ಕೆ ಹಾಕಿಕೊಂಡು ಕೂತಳು. ಮೊದಲನೇ ದಿನದಂತೆಯೇ ಅವನ ಮಣಿಕಟ್ಟು ಹಿಡಿದಳು. ಈ ಸಲ ಗೊತ್ತಿದ್ದೇ ಹಿಡಿದಳು.

"ಏನು ಅರ್ಥ ಆಯ್ತು ನಿಮಗೆ? ಬೇಡ ಅನ್ನೋದಾಗಿದ್ರೆ ಬೇಡ ಅಂತಿದ್ದೆ. ನಾನೊಬ್ಳೇ ನೋಡೋದಾಗಿದ್ರೆ ನೋಡ್ತೀನಿ ಅಂತಿದ್ದೆ."

ಅವನು ಅವಳನ್ನೇ ನೋಡಿದ. ಕಣ್ಣಲ್ಲಿ ಮತ್ತೆ ನೀರು ತುಂಬಿತು.

"ಇದೂ ಈರುಳ್ಳೀನಾ?" ಎಂದು ಕೇಳಿದಳು ಮೆಲ್ಲಗೆ.

"ಅಲ್ಲ."

"ಸರಿ ಹಾಗಾದ್ರೆ." ಅವಳು ಕೈ ಬಿಡದೆ ಯಂತ್ರದ ಕಡೆ ಬಾಗಿದಳು. "ಈ ಯಂತ್ರದಲ್ಲಿ ಏನು ತೊಂದರೆ ಇದೆ, ನಡೀರಿ... ನೋಡೋಣ."